ಗಡುಸು ಸೀಟೋ, ಗಡುಸು ಬರ್ತೋ? — ಚೀನದ ದೂರದ ರೈಲುಗಳಲ್ಲಿ ತರಗತಿಯ ಆಯ್ಕೆ

ಅರ್ಥಶಾಸ್ತ್ರದ ಮೊದಲನೆಯ ಪಾಠ ಯಾವುದೆಂದು ಕೇಳಿದರೆ ನಮ್ಮ ತರಗತಿಯಲ್ಲಿ ಯಾರಾದರೂ ಒಂದೇ ಉಸಿರಿಗೆ ಹೇಳಿಬಿಡುತ್ತಾರೆ: ಬಯಕೆಗಳು ಅನಂತ, ಸಾಧನಗಳು ಮಿತ, ಆದುದರಿಂದ ಮನುಷ್ಯನಿಗೆ ಆಯ್ಕೆ ಎಂಬುದು ತಪ್ಪಿದ್ದಲ್ಲ. ಒಂದನ್ನು ಆರಿಸಿಕೊಂಡಾಗ ಕೈಬಿಟ್ಟ ಇನ್ನೊಂದರ ಬೆಲೆಯೇ ಅವಕಾಶ ವೆಚ್ಚ. ಈ ಮಾತನ್ನು ನಾನು ಪುಸ್ತಕದಲ್ಲಿ ಓದುವುದಕ್ಕೆ ಮುಂಚೆಯೇ ಚೀನದ ಒಂದು ರೈಲುಗಾಡಿಯಲ್ಲಿ ಇಪ್ಪತ್ತೆರಡು ಗಂಟೆಗಳ ಕಾಲ ಕುಳಿತು ಕಲಿತೆ. ಕಲಿತವನು ನಾನು, ಪಾಠದ ಶುಲ್ಕ ತೆತ್ತವನು ನನ್ನ ಅಣ್ಣ. ಆ ಅನುಭವವನ್ನೂ ಅದರ ಸುತ್ತಲಿನ ವಿಷಯವನ್ನೂ ಮಿತ್ರರ ಮುಂದೆ ಇಡುವುದೇ ಈ ಲೇಖನದ ಉದ್ದೇಶ. ನಮ್ಮ ಅಧ್ಯಾಪಕರು ತಪ್ಪುಗಳನ್ನು ತಿದ್ದುವರೆಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

೨೦೧೯ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಪಿ.ಯು.ಸಿ. ಪರೀಕ್ಷೆ ಮುಗಿಸಿ ಅರಸೀಕೆರೆಯ ಮನೆಯಲ್ಲಿದ್ದೆ. ನನ್ನ ಅಣ್ಣ ಮೈಸೂರಿನಲ್ಲಿ ಯೋಗಾಭ್ಯಾಸ ಮಾಡಿ, ದಕ್ಷಿಣ ಚೀನದ ಗ್ವಾಂಗ್‌ಝೌ ನಗರದಲ್ಲಿ ಯೋಗದ ಮೇಷ್ಟರಾಗಿದ್ದ. ಹೀಗೆ ಚೀನಕ್ಕೆ ಹೋಗಿ ಯೋಗ ಕಲಿಸುವ ಭಾರತೀಯ ತರುಣರು ಆಗ ಅನೇಕರಿದ್ದರು. ಅವರಲ್ಲಿ ಮೈಸೂರಿನ ಕಡೆಯವರೂ ಇದ್ದರು. “ಫಲಿತಾಂಶ ಬರುವವರೆಗೆ ಸುಮ್ಮನೆ ಕೂತು ಏನು ಮಾಡುತ್ತೀಯ? ಬಂದು ಹೋಗು” ಎಂದು ಅವನೇ ವಿಮಾನದ ಟಿಕೇಟು ಕಳುಹಿಸಿದ. ಮೇ ೧ರ ಕಾರ್ಮಿಕರ ದಿನದ ರಜೆಯಲ್ಲಿ ಬೀಜಿಂಗಿಗೆ ಹೋಗಿಬರುವುದೆಂದು ಗೊತ್ತುಮಾಡಿಕೊಂಡೆವು. ಗ್ವಾಂಗ್‌ಝೌವಿನಿಂದ ಬೀಜಿಂಗಿಗೆ ಹಳೆಯ ರೈಲುದಾರಿಯಲ್ಲಿ ಸುಮಾರು ೨೩೦೦ ಕಿಲೋಮೀಟರು. ನಮ್ಮ ಬೆಂಗಳೂರಿನಿಂದ ದೆಹಲಿಗೆ ಹೋದಷ್ಟೇ ದೂರವೆಂದು ಹೇಳಬಹುದು.

ಹೆಸರುಗಳ ಕಥೆ

ಮೊದಲು ಚೀನದ ರೈಲುಗಳಲ್ಲಿ ಇರುವ ತರಗತಿಗಳ ಹೆಸರನ್ನು ತಿಳಿದುಕೊಳ್ಳುವುದು ಅವಶ್ಯಕ. ಆ ಹೆಸರುಗಳಲ್ಲಿಯೇ ಒಂದು ಚರಿತ್ರೆಯಿದೆ.

೧೯೪೯ಕ್ಕೆ ಮುಂಚೆ ಅಲ್ಲಿಯೂ ನಮ್ಮಲ್ಲಿದ್ದಂತೆ ಒಂದನೆಯ, ಎರಡನೆಯ, ಮೂರನೆಯ ತರಗತಿಗಳಿದ್ದುವು. ಜನ ಗಣರಾಜ್ಯ ಸ್ಥಾಪನೆಯಾದ ಮೇಲೆ, ವರ್ಗಗಳಿಲ್ಲದ ಸಮಾಜವನ್ನು ಕಟ್ಟುತ್ತೇವೆಂದು ಹೊರಟವರಿಗೆ ರೈಲಿನಲ್ಲಿ ಆ ಮಾತು ಉಳಿಯುವುದು ಹೇಗೆ ಸರಿಹೋದೀತು? ಆಗ ಸೋವಿಯತ್ ರೈಲುಗಳಲ್ಲಿ ರೂಢಿಯಲ್ಲಿದ್ದ ‘ಗಡುಸು’, ‘ಮೆದು’ ಎಂಬ ವಿಭಾಗವೇ ಚೀನದಲ್ಲಿಯೂ ನೆಲೆಗೊಂಡಿತು. ಯಿಂಗ್ ಎಂದರೆ ಗಡುಸು, ರುವಾನ್ ಎಂದರೆ ಮೆದು. ಜುವೊ ಎಂದರೆ ಕೂರುವ ಸ್ಥಳ, ವೊ ಎಂದರೆ ಮಲಗುವ ಸ್ಥಳ. ಈ ನಾಲ್ಕು ಮಾತುಗಳನ್ನು ಜೋಡಿಸಿದರೆ ನಾಲ್ಕು ತರಗತಿಗಳು ಸಿದ್ಧ: ಯಿಂಗ್‌ಜುವೊ ಎಂದರೆ ಗಡುಸು ಸೀಟು, ರುವಾನ್‌ಜುವೊ ಎಂದರೆ ಮೆದು ಸೀಟು, ಯಿಂಗ್‌ವೊ ಎಂದರೆ ಗಡುಸು ಬರ್ತ್, ರುವಾನ್‌ವೊ ಎಂದರೆ ಮೆದು ಬರ್ತ್.

ಹೆಸರು ಬದಲಾದ ಮಾತ್ರಕ್ಕೆ ವರ್ಗ ಅಳಿಯಿತೆ? ಅಳಿಯಲಿಲ್ಲವೆಂದೇ ಹೇಳಬೇಕು. ಬಹುಕಾಲ ಮೆದು ಬರ್ತ್ ದೊಡ್ಡ ಅಧಿಕಾರಿಗಳಿಗೂ ವಿದೇಶದ ಅತಿಥಿಗಳಿಗೂ ಮೀಸಲಾದಂತಿತ್ತು; ಸಾಮಾನ್ಯನು ಹಣ ಹಿಡಿದುಕೊಂಡು ಹೋದರೂ ಅದು ಸುಲಭವಾಗಿ ದೊರೆಯುತ್ತಿರಲಿಲ್ಲ. ೧೯೮೦ರ ದಶಕದಲ್ಲಿ ವಿದೇಶೀಯರು ಅದೇ ಬರ್ತಿಗೆ ಚೀನೀಯರಿಗಿಂತ ಹೆಚ್ಚು ದರ ಕೊಡಬೇಕಾಗಿತ್ತು. ೧೯೯೦ರ ದಶಕದಲ್ಲಿ ಆ ಭೇದ ರದ್ದಾಯಿತು. ಇನ್ನೊಂದು ಸ್ವಾರಸ್ಯವನ್ನು ನೋಡಿ. ೨೦೦೭ರ ಏಪ್ರಿಲ್ ೧೮ರಂದು ಹೊಸ ವೇಗದ ಗಾಡಿಗಳು ಬಂದಾಗ ಅವುಗಳ ಸೀಟುಗಳಿಗೆ ‘ಒಂದನೆಯ ದರ್ಜೆ’, ‘ಎರಡನೆಯ ದರ್ಜೆ’ ಎಂದೇ ಹೆಸರಿಟ್ಟರು. ಮುಂಬಾಗಿಲಿನಿಂದ ಹೊರಗೆ ಹೋಗಿದ್ದ ಮಾತು ಅರ್ಧ ಶತಮಾನ ಕಳೆದ ಮೇಲೆ ಹೀಗೆ ಒಳಗೆ ಬಂತು.

ನಾವು ನಗಬೇಕಾದ ಕಾರಣವಿಲ್ಲ. ನಮ್ಮಲ್ಲಿ ಮೂರನೆಯ ತರಗತಿಯನ್ನು ೧೯೭೪ರಲ್ಲಿ ತೆಗೆದು ಅದನ್ನೇ ಎರಡನೆಯದೆಂದು ಕರೆದರು. ಹಲಗೆ ಮಾತ್ರ ಹಲಗೆಯಾಗಿಯೇ ಇತ್ತು. ೧೯೭೭ರಿಂದ ೧೯೭೯ರವರೆಗೆ ಮಧು ದಂಡವತೆಯವರು ರೈಲ್ವೆ ಮಂತ್ರಿಗಳಾಗಿದ್ದಾಗ ಆ ಮರದ ಬರ್ತುಗಳಿಗೆ ಮೆತ್ತೆ ಹಾಕಿಸುವ ಕೆಲಸವನ್ನು ಮೊದಲುಮಾಡಿದರು. ಹೆಸರನ್ನು ಬದಲಾಯಿಸಿದುದಕ್ಕಿಂತ ಮೆತ್ತೆ ಹಾಕಿಸಿದುದು ದೊಡ್ಡ ಸುಧಾರಣೆಯೆಂದು ನಮ್ಮ ತಾತನವರು ಹೇಳುತ್ತಿದ್ದುದು ನನಗೆ ನೆನಪಿದೆ.

ತರಗತಿಗಳ ಸ್ವರೂಪ

ಗಡುಸು ಸೀಟಿನ ಗಾಡಿಯಲ್ಲಿ ನಡುದಾರಿಯ ಒಂದು ಪಕ್ಕಕ್ಕೆ ಮೂವರು, ಇನ್ನೊಂದು ಪಕ್ಕಕ್ಕೆ ಇಬ್ಬರು ಎದುರುಬದುರಾಗಿ ಕೂರುತ್ತಾರೆ. ಹವಾನಿಯಂತ್ರಿತವಾದ ಸಾಮಾನ್ಯ ಮಾದರಿಯ ಒಂದು ಗಾಡಿಯಲ್ಲಿ ೧೧೮ ಸೀಟುಗಳಿರುತ್ತವೆ. ಹೆಸರು ಗಡುಸಾದರೂ ಮೆತ್ತೆಯುಂಟು. ಕಷ್ಟವಿರುವುದು ಮೆತ್ತೆಯಲ್ಲಲ್ಲ, ಬೆನ್ನೊರಗಿನಲ್ಲಿ. ಅದು ಗೋಡೆಯಂತೆ ನೆಟ್ಟಗೆ ನಿಂತಿರುತ್ತದೆ, ಹಿಂದಕ್ಕೆ ಬಾಗುವುದಿಲ್ಲ. ರಾತ್ರಿಯೆಲ್ಲ ದೀಪ ಉರಿಯುತ್ತಲೇ ಇರುತ್ತದೆ. ಸೀಟುಗಳು ತುಂಬಿದ ಮೇಲೆಯೂ ‘ವೂಜುವೊ’, ಅಂದರೆ ‘ಸೀಟಿಲ್ಲ’ ಎಂಬ ಟಿಕೇಟನ್ನು ಮಾರುತ್ತಾರೆ. ಅದರ ದರವೂ ಗಡುಸು ಸೀಟಿನ ದರವೇ; ಒಂದು ಕಾಸೂ ಕಡಮೆಯಿಲ್ಲ. ಆ ಟಿಕೇಟಿನವರು ನಡುದಾರಿಯಲ್ಲಿಯೂ ಬಾಗಿಲ ಬಳಿಯಲ್ಲಿಯೂ ನಿಂತು, ಕಾಲು ಸೋತಾಗ ಮಡಿಸುವ ಸಣ್ಣ ಸ್ಟೂಲಿನ ಮೇಲೆ ಕುಳಿತು ದೂರ ಸವೆಸುತ್ತಾರೆ.

ಗಡುಸು ಬರ್ತಿನ ಗಾಡಿ ನಮ್ಮ ಸ್ಲೀಪರನ್ನು ಹೋಲುತ್ತದೆ. ಆದರೆ ಪಕ್ಕದ ಬರ್ತುಗಳಿಲ್ಲ. ಒಂದೊಂದು ಅಂಕಣದಲ್ಲಿ ಮೂರು ಅಂತಸ್ತಿನಂತೆ ಆರು ಬರ್ತುಗಳು, ಬಾಗಿಲಿಲ್ಲ, ನಡುದಾರಿ ಒಂದು ಪಕ್ಕದ ಕಿಟಕಿಗಳ ಉದ್ದಕ್ಕೆ ಸಾಗುತ್ತದೆ. ಅಲ್ಲಿ ಮಡಿಸುವ ಪುಟ್ಟ ಕುರ್ಚಿಗಳೂ ಸಣ್ಣ ಮೇಜುಗಳೂ ಇವೆ. ಹೊಸ ಮಾದರಿಯ ಗಾಡಿಗೆ ೬೬ ಜನ. ಹಾಸಿಗೆ, ದಿಂಬು, ಹೊದಿಕೆಗಳನ್ನು ಅವರೇ ಕೊಡುತ್ತಾರೆ. ರಾತ್ರಿ ಹತ್ತು ಗಂಟೆಯ ಸುಮಾರಿಗೆ ದೀಪ ಆರಿಸಿಬಿಡುತ್ತಾರೆ. ಇದು ಸಣ್ಣ ಸಂಗತಿಯಂತೆ ತೋರಿದರೂ ನಿದ್ರೆಗೆಟ್ಟವನಿಗೆ ಅದರ ಬೆಲೆ ಗೊತ್ತು.

ನಮ್ಮಲ್ಲಿ ಮೂರು ಅಂತಸ್ತಿನ ಬರ್ತುಗಳಿಗೂ ಒಂದೇ ದರ. ಚೀನದಲ್ಲಿ ಕೆಳಗಿನದಕ್ಕೆ ಹೆಚ್ಚು, ನಡುವಿನದಕ್ಕೆ ಸ್ವಲ್ಪ ಕಡಮೆ, ಮೇಲಿನದಕ್ಕೆ ಇನ್ನೂ ಕಡಮೆ. ಕೆಳಗಿನ ಬರ್ತಿನಲ್ಲಿ ತಲೆಯೆತ್ತಿ ಕೂರಬಹುದು. ಆದರೆ ಹಗಲೆಲ್ಲ ಮೇಲಿನವರೂ ಅದರ ಮೇಲೆಯೇ ಕೂರುತ್ತಾರೆ, ಬೇಡವೆನ್ನುವ ಹಾಗಿಲ್ಲ. ಮೇಲಿನದು ಚಾವಣಿಗೆ ತೀರ ಹತ್ತಿರ. ಹಾವಿನಂತೆ ನುಸುಳಿ ಮಲಗಬೇಕು. ನಡುವಿನದರ ಮೇಲೆ ಯಾರೂ ಕೂರುವುದಿಲ್ಲ, ಏರುವುದೂ ಕಷ್ಟವಲ್ಲ. ನನ್ನ ಮಟ್ಟಿಗೆ ಅದೇ ಉತ್ತಮ.

ಮೆದು ಬರ್ತಿನಲ್ಲಿ ನಾಲ್ವರಿಗೊಂದು ಕೋಣೆ, ಕೋಣೆಗೊಂದು ಬಾಗಿಲು. ಹಾಸಿಗೆ ಅಗಲ, ಗಲಾಟೆ ಕಡಮೆ. ಕೆಲವು ಗಾಡಿಗಳಲ್ಲಿ ಇಬ್ಬರಿಗೆ ಒಂದು ಕೋಣೆಯಿರುವ ಇನ್ನೂ ಮೇಲಿನ ವರ್ಗವೂ ಉಂಟು. ಇಲ್ಲಿ ಒಂದು ಮಾತನ್ನು ನಮ್ಮ ಸೋದರಿಯರಿಗಾಗಿ ಹೇಳಬೇಕು. ಆ ಕೋಣೆಗಳಲ್ಲಿ ಸಾಮಾನ್ಯವಾಗಿ ಗಂಡಸರು ಹೆಂಗಸರು ಎಂಬ ವಿಂಗಡಣೆಯಿಲ್ಲ. ಅಪರಿಚಿತರಾದ ಮೂವರೊಡನೆ ಬಾಗಿಲು ಹಾಕಿಕೊಂಡು ಮಲಗುವುದಕ್ಕಿಂತ, ಎಲ್ಲರ ಕಣ್ಣಿಗೂ ತೆರೆದಿರುವ ಗಡುಸು ಬರ್ತೇ ಒಬ್ಬಳೇ ಹೋಗುವ ಹೆಣ್ಣುಮಗಳಿಗೆ ಮನಸ್ಸಿಗೆ ನೆಮ್ಮದಿ ಎಂದು ಅಣ್ಣನ ಶಿಷ್ಯೆಯರು ಹೇಳುತ್ತಿದ್ದರಂತೆ. ಹೆಚ್ಚು ಬೆಲೆಯ ವಸ್ತುವೇ ಎಲ್ಲರಿಗೂ ಹೆಚ್ಚು ಹಿತವೆಂದು ತಿಳಿಯಬಾರದೆಂಬುದಕ್ಕೆ ಇದೊಂದು ನಿದರ್ಶನ.

ಗಾಡಿಯ ಸಂಖ್ಯೆಯ ಮುಂದಿರುವ ಅಕ್ಷರವನ್ನೂ ನೋಡಿಕೊಳ್ಳಬೇಕು. ಜಿ ಅಕ್ಷರದವು ಅತಿವೇಗದ ಗಾಡಿಗಳು, ಗಂಟೆಗೆ ೩೦೦ ಕಿಲೋಮೀಟರಿಗೂ ಮಿಕ್ಕಿ ಓಡಬಲ್ಲವು. ಡಿ ಅಕ್ಷರದವು ೨೫೦ರವರೆಗೆ. ಜೆಡ್, ಟಿ, ಕೆ ಅಕ್ಷರದವು ಹಳೆಯ ಬಗೆಯ ಗಾಡಿಗಳು. ಇವುಗಳ ವೇಗದ ಮಿತಿ ಕ್ರಮವಾಗಿ ೧೬೦, ೧೪೦, ೧೨೦. ಅಕ್ಷರವೇ ಇಲ್ಲದೆ ಬರಿಯ ಸಂಖ್ಯೆಯಿರುವವು ಊರೂರಿಗೂ ನಿಲ್ಲುವ ನಿಧಾನದ ಗಾಡಿಗಳು. ಗಡುಸು, ಮೆದು ಎಂಬ ಹಳೆಯ ವಿಭಾಗವಿರುವುದು ಮುಖ್ಯವಾಗಿ ಈ ಹಳೆಯ ಬಗೆಯವುಗಳಲ್ಲಿ.

ನಮ್ಮ ಪ್ರಯಾಣ

ಆ ವರ್ಷ ಗ್ವಾಂಗ್‌ಝೌ–ಬೀಜಿಂಗ್ ದಾರಿಯಲ್ಲಿ ದರಗಳು ಹೀಗಿದ್ದುವು: ಗಡುಸು ಸೀಟಿಗೆ ೨೫೧ ಯುವಾನ್, ಗಡುಸು ಬರ್ತಿಗೆ ಸುಮಾರು ೪೩೦, ಮೆದು ಬರ್ತಿಗೆ ೭೦೦ಕ್ಕೂ ಮೇಲೆ, ಅತಿವೇಗದ ಗಾಡಿಯ ಎರಡನೆಯ ದರ್ಜೆಗೆ ೮೬೨. ಆಗ ಒಂದು ಯುವಾನಿಗೆ ನಮ್ಮ ಹತ್ತು ರೂಪಾಯಿ ಎಂದು ಲೆಕ್ಕ ಹಿಡಿಯಬಹುದು.

ಅಣ್ಣ ದರಗಳನ್ನೆಲ್ಲ ನನ್ನ ಮುಂದಿಟ್ಟು, “ಹೋಗುವ ಟಿಕೇಟು ನೀನು ಆರಿಸು, ಬರುವುದನ್ನು ನಾನು ಆರಿಸುತ್ತೇನೆ” ಎಂದ. ನಾನು ತಡಮಾಡದೆ ಗಡುಸು ಸೀಟು ಎಂದೆ. “ರಾತ್ರಿ ಪ್ರಯಾಣ ಕಣೋ, ಯೋಚನೆಮಾಡು” ಎಂದು ಅವನು ಒಮ್ಮೆ ಹೇಳಿದ. “ಮಲಗಿ ಏಳುವುದಕ್ಕೆ ಒಬ್ಬೊಬ್ಬರಿಗೆ ಸಾವಿರದ ಎಂಟುನೂರು ರೂಪಾಯಿಯೆ? ಅಷ್ಟರಲ್ಲಿ ಒಂದು ವರ್ಷದ ಪುಸ್ತಕ ಬರುತ್ತವಣ್ಣ. ಅರಸೀಕೆರೆಯಿಂದ ಬಿಜಾಪುರಕ್ಕೆ ನಾನು ಜನರಲ್ ಬೋಗಿಯಲ್ಲಿ ಹೋದವನಲ್ಲವೆ?” ಎಂದು ಜಂಬದಿಂದ ಉತ್ತರಕೊಟ್ಟೆ. ಅವನು ಮುಂದೆ ಮಾತನಾಡಲಿಲ್ಲ.

ಏಪ್ರಿಲ್ ೩೦ರ ಮಧ್ಯಾಹ್ನ ಗಾಡಿ ಹೊರಟಿತು. ಮರುದಿನದಿಂದ ರಜೆ; ಜನ ಕಿಕ್ಕಿರಿದಿದ್ದರು. ಮೊದಲ ಐದಾರು ಗಂಟೆ ಬಹು ಸೊಗಸಾಗಿಯೇ ಕಳೆಯಿತು. ನಮ್ಮ ಎದುರಿಗೆ ಊರಿಗೆ ಮರಳುತ್ತಿದ್ದ ಕಾರ್ಖಾನೆಯ ಕೆಲಸಗಾರರು ಮೂವರಿದ್ದರು. ಅವರು ಸೂರ್ಯಕಾಂತಿ ಬೀಜ ಕೊಟ್ಟರು. ನಾವು ಅವಲಕ್ಕಿ ಕೊಟ್ಟೆವು. ಚೀನದ ಪ್ರತಿಯೊಂದು ಗಾಡಿಯ ತುದಿಯಲ್ಲಿಯೂ ಕುದಿನೀರಿನ ಹಂಡೆಯೊಂದಿರುತ್ತದೆ. ಯಾವ ತರಗತಿಯವರಾದರೂ ಹಣ ಕೊಡದೆ ನೀರು ಹಿಡಿದುಕೊಳ್ಳಬಹುದು. ಅವರೆಲ್ಲ ಅದರಲ್ಲಿ ಚಹಾ ಸೊಪ್ಪನ್ನೂ ಶಾವಿಗೆಯಂಥ ನೂಡಲ್ಸನ್ನೂ ನೆನೆಸಿದರೆ, ಅಣ್ಣ ಅವಲಕ್ಕಿ ನೆನೆಸಿ ಚಟ್ನಿಪುಡಿ ಕಲಸಿದ. ಚಟ್ನಿಪುಡಿ ತಿಂದ ಒಬ್ಬನ ಕಣ್ಣಲ್ಲಿ ನೀರು ಬಂದು ಎಲ್ಲರೂ ನಕ್ಕೆವು. ಅಂಥ ಸಲಿಗೆ ಮೆದು ಬರ್ತಿನ ಕೋಣೆಯಲ್ಲಿ ದೊರೆಯುವುದು ಅಪರೂಪವೆಂದು ಅಣ್ಣ ಹೇಳಿದ. ಗಡುಸು ಸೀಟಿನ ಪಕ್ಷದಲ್ಲಿ ಹೇಳಬೇಕಾದ ದೊಡ್ಡ ಮಾತು ಇದು, ಮರೆಮಾಚುವುದು ನ್ಯಾಯವಲ್ಲ.

ಸಂಜೆ ಹೆಂಗ್‌ಯಾಂಗ್ ನಿಲ್ದಾಣದಲ್ಲಿ ಒಬ್ಬ ಅಜ್ಜಿ ಹತ್ತಿದರು. ಕೈಯಲ್ಲಿ ‘ಸೀಟಿಲ್ಲ’ದ ಟಿಕೇಟು, ಬಗಲಲ್ಲಿ ಒಂದು ಬಟ್ಟೆಯ ಗಂಟು. ಝೆಂಗ್‌ಝೌವಿನಲ್ಲಿ ಕೆಲಸಮಾಡುತ್ತಿದ್ದ ಮಗನನ್ನು ನೋಡುವುದಕ್ಕೆ ಹೊರಟವರು. ಬೆಳಗಿನ ಜಾವ ಇಳಿಯಬೇಕಾದವರು. ನಮ್ಮ ಸೀಟಿನ ಅಂಚನ್ನು ಹಿಡಿದುಕೊಂಡು ನಿಂತರು. ನಡುದಾರಿಯ ಪಕ್ಕದಲ್ಲಿ ಕುಳಿತಿದ್ದವನು ನಾನು. ಎದ್ದು ಸ್ಥಳ ಕೊಡಬೇಕಾದವನೂ ನಾನೇ. ಸ್ವಲ್ಪ ಹೊತ್ತು ಕಿಟಕಿಯ ಕಡೆಗೆ ನೋಡಿದೆ. ಆಮೇಲೆ ಕಣ್ಣು ಮುಚ್ಚಿದೆ.

ಒಂಬತ್ತು ಗಂಟೆಯ ಮೇಲೆ ಗಡುಸು ಸೀಟಿನ ನಿಜವಾದ ರೂಪ ತೋರಿತು. ದೀಪದ ಬೆಳಕು ಕಣ್ಣಿಗೆ ಚುಚ್ಚುತ್ತಿತ್ತು. ಕೆಲವರು ವೃತ್ತಪತ್ರಿಕೆ ಹಾಸಿ ಸೀಟುಗಳ ಕೆಳಗೆ ಮಲಗಿದರು. ಕೆಲವರು ಮುಂದಿನ ಪುಟ್ಟ ಮೇಜಿನ ಮೇಲೆ ತಲೆಯಿಟ್ಟರು. ಅರ್ಧ ಗಂಟೆಗೊಮ್ಮೆ ತಿಂಡಿಯ ಗಾಡಿ ತಳ್ಳಿಕೊಂಡು ಬಂದು “ಕಾಲು ತೆಗೆಯಿರಿ, ಕಾಲು ತೆಗೆಯಿರಿ” ಎಂದು ಕೂಗುತ್ತಿದ್ದರು. ಬೋಗಿಗಳ ಸಂದಿಯಿಂದ ಸಿಗರೇಟಿನ ಹೊಗೆ ಬರುತ್ತಿತ್ತು. ಕುತ್ತಿಗೆ ಒಂದು ಕಡೆ, ಸೊಂಟ ಒಂದು ಕಡೆ. ಆಗ ಅಣ್ಣ ಬರ್ತೇನಾದರೂ ಖಾಲಿಯಿದೆಯೇ ಎಂದು ವಿಚಾರಿಸಲು ಹೋದ. ಗಾಡಿಯೊಳಗೇ ವ್ಯತ್ಯಾಸದ ಹಣ ಕೊಟ್ಟು ಮೇಲಿನ ತರಗತಿಗೆ ಬದಲಾಯಿಸಿಕೊಳ್ಳುವ ಕ್ರಮ ಅಲ್ಲಿದೆ. ಅದಕ್ಕೆ ‘ಬುಪಿಯಾವ್’ ಎನ್ನುತ್ತಾರೆ. ಅದಕ್ಕಾಗಿ ಒಂದು ಬೋಗಿಯಲ್ಲಿ ಮೇಜು ಹಾಕಿಕೊಂಡು ನೌಕರರು ಕುಳಿತಿರುತ್ತಾರೆ. ಆದರೆ ರಜೆಯ ಹಿಂದಿನ ರಾತ್ರಿ. ನಮಗಿಂತ ಮುಂದೆ ಹತ್ತಾರು ಹೆಸರುಗಳಿದ್ದುವು. ಅವನು ಹಿಂದಿರುಗಿ ಬಂದವನು ಕೂರಲಿಲ್ಲ. ಕಿಟಕಿಯ ಬದಿಯ ತನ್ನ ಸ್ಥಳಕ್ಕೆ ಅಜ್ಜಿಯನ್ನು ಕೂರಿಸಿ, ತಾನು ನಡುದಾರಿಯಲ್ಲಿ ನಿಂತ.

ರಾತ್ರಿ ಹನ್ನೊಂದೂವರೆಯ ಸುಮಾರಿಗೆ ವೂಚಾಂಗ್ ಬಂತು. ಅಲ್ಲಿಂದ ಗಾಡಿ ಯಾಂಗ್‌ಟ್ಸೆ ನದಿಯ ಸೇತುವೆಯ ಮೇಲೆ ಹೋಗುತ್ತದೆ. ೧೯೫೭ರ ಅಕ್ಟೋಬರಿನಲ್ಲಿ ಆ ಸೇತುವೆ ತೆರೆಯುವವರೆಗೆ ಉತ್ತರದ ರೈಲು ಉತ್ತರ ದಡದಲ್ಲಿಯೂ ದಕ್ಷಿಣದ ರೈಲು ದಕ್ಷಿಣ ದಡದಲ್ಲಿಯೂ ಮುಗಿಯುತ್ತಿತ್ತು; ಬೋಗಿಗಳನ್ನು ದೋಣಿಯ ಮೇಲೆ ದಾಟಿಸಬೇಕಾಗಿತ್ತು. ಇದನ್ನು ತೋರಿಸಬೇಕೆಂದು ಅಣ್ಣ ಮೊದಲೇ ಹೇಳಿದ್ದ. ಸೇತುವೆಯ ಕಬ್ಬಿಣದ ಸದ್ದು ಕೇಳಿಸಿತು. “ಏಳೋ, ನದಿ ಬಂತು” ಎಂದು ಮೆಲ್ಲನೆ ಭುಜ ಮುಟ್ಟಿದ. ನಾನು ಎಚ್ಚರವಾಗಿಯೇ ಇದ್ದೆ. ಕಣ್ಣು ತೆರೆದರೆ ಅವನು ನಿಂತಿರುವುದನ್ನು ನೋಡಬೇಕಾಗುತ್ತದೆ, ನೋಡಿದರೆ ಏಳಬೇಕಾಗುತ್ತದೆ ಎಂದು ತಿಳಿದು ನಿದ್ರೆ ಬಂದವನಂತೆಯೇ ಇದ್ದೆ. ನಿದ್ದೆ ಕೆಡಿಸುವುದು ಬೇಡವೆಂದುಕೊಂಡು ಅವನು ಸುಮ್ಮನಾದ.

ಝೆಂಗ್‌ಝೌವಿನಲ್ಲಿ ಅಜ್ಜಿ ಇಳಿಯುವವರೆಗೆ, ಅಂದರೆ ಐದು ಗಂಟೆಗೂ ಹೆಚ್ಚು ಕಾಲ, ಅವನು ನಿಂತೇ ಇದ್ದ. ಅಜ್ಜಿ ಇಳಿಯುವಾಗ ಗಂಟಿನಿಂದ ಎರಡು ಬೇಯಿಸಿದ ಮೊಟ್ಟೆ ತೆಗೆದು ಅವನ ಕೈಗಿಟ್ಟರು. ನಾವು ಮೊಟ್ಟೆ ತಿನ್ನುವವರಲ್ಲ. ಆದರೂ ಎರಡು ಕೈಯಿಂದ ತೆಗೆದುಕೊಂಡು ಎದುರಿನ ಕೆಲಸಗಾರರಿಗೆ ಕೊಟ್ಟ. ಬೆಳಗ್ಗೆ ಹನ್ನೊಂದಕ್ಕೆ ಬೀಜಿಂಗಿನ ಪಶ್ಚಿಮ ನಿಲ್ದಾಣದಲ್ಲಿ ಇಳಿದಾಗ ಅವನು ಬ್ಯಾಗನ್ನು ಎಡಗೈಯಿಂದ ಬಲಗೈಗೆ, ಬಲಗೈಯಿಂದ ಎಡಗೈಗೆ ಬದಲಾಯಿಸುತ್ತಿದ್ದುದನ್ನು ಕಂಡೆ. ಕಾರಣ ಕೇಳಲಿಲ್ಲ.

ಬರುವಾಗ ಅವನ ಆಯ್ಕೆಯಂತೆ ಗಡುಸು ಬರ್ತ್. ನನಗೆ ನಡುವಿನದು. ಹತ್ತಕ್ಕೆ ದೀಪ ಆರಿತು; ಗಾಡಿ ತೊಟ್ಟಿಲಿನಂತೆ ತೂಗುತ್ತಿತ್ತು; ಕಣ್ಣು ಬಿಟ್ಟಾಗ ಬೆಳಗಾಗಿ ಗದ್ದೆಗಳು ಕಾಣುತ್ತಿದ್ದುವು. ಆ ರಾತ್ರಿಯನ್ನು ಕುರಿತು ಇದಕ್ಕಿಂತ ಹೆಚ್ಚಾಗಿ ಹೇಳಲು ಏನೂ ಇಲ್ಲ. ಏನೂ ನಡೆಯದಿರುವುದೇ ಆ ತರಗತಿಯ ಗುಣ.

ಲೆಕ್ಕ

ಈಗ ಲೆಕ್ಕಕ್ಕೆ ಬರೋಣ. ಗಡುಸು ಸೀಟಿಗೂ ಗಡುಸು ಬರ್ತಿಗೂ ಇದ್ದ ವ್ಯತ್ಯಾಸ ೧೮೦ ಯುವಾನ್. ಇಪ್ಪತ್ತೆರಡು ಗಂಟೆಗೆ ಹಂಚಿದರೆ ಗಂಟೆಗೆ ಎಂಟು ಯುವಾನ್ ಕೊಟ್ಟು ಮಲಗುವ ಸ್ಥಳವನ್ನು ಪಡೆದಂತಾಯಿತು. ಗಡುಸು ಬರ್ತಿಗೂ ಅತಿವೇಗದ ಗಾಡಿಗೂ ಇದ್ದ ವ್ಯತ್ಯಾಸ ೪೩೨ ಯುವಾನ್. ಅತಿವೇಗದ ಗಾಡಿ ಆಗ ಎಂಟರಿಂದ ಹತ್ತು ಗಂಟೆಗಳಲ್ಲಿ ತಲುಪಿಸುತ್ತಿತ್ತು. ಸುಮಾರು ಹದಿಮೂರು ಗಂಟೆ ಉಳಿಯುತ್ತದೆಂದು ಹಿಡಿದರೆ, ಉಳಿದ ಒಂದೊಂದು ಗಂಟೆಗೂ ೩೩ ಯುವಾನ್ ಕೊಟ್ಟಂತೆ. ಗಂಟೆಗೆ ೩೩ಕ್ಕಿಂತ ಹೆಚ್ಚು ಸಂಪಾದಿಸುವವನಿಗೆ ವೇಗದ ಗಾಡಿ ಲಾಭ. ಕಡಮೆ ಸಂಪಾದಿಸುವವನಿಗೆ ನಷ್ಟ. ಆದರೆ ಹಗಲಿನ ಗಾಡಿಯಲ್ಲಿ ಹೋದವನು ರಾತ್ರಿ ಎಲ್ಲಿಯಾದರೂ ಬಾಡಿಗೆ ಕೊಟ್ಟು ಮಲಗಬೇಕು. ಬರ್ತಿನಲ್ಲಿ ಹೋದವನಿಗೆ ಪ್ರಯಾಣವೂ ತಂಗುವಿಕೆಯೂ ಒಂದೇ ಟಿಕೇಟಿನಲ್ಲಿ ಮುಗಿಯುತ್ತವೆ. ಈ ಉಳಿತಾಯವನ್ನೂ ಲೆಕ್ಕಕ್ಕೆ ಸೇರಿಸಬೇಕು. ಇನ್ನು ಮೆದು ಬರ್ತಿನ ದರ ಅತಿವೇಗದ ಗಾಡಿಯ ದರಕ್ಕೆ ಸಮೀಪವಾಗಿ ಹೋಗಿರುವುದನ್ನು ಗಮನಿಸಿ. ಮೊದಲು ಅಧಿಕಾರಿಗಳು ಬಯಸುತ್ತಿದ್ದ ತರಗತಿಗೆ ಈಗ ವೇಗವೇ ಪ್ರತಿಸ್ಪರ್ಧಿ.

ನಮ್ಮಿಬ್ಬರ ಟಿಕೇಟಿನಲ್ಲಿ ನಾನು ಉಳಿಸಿದುದು ೩೬೦ ಯುವಾನ್. ಗ್ವಾಂಗ್‌ಝೌವಿಗೆ ಹಿಂದಿರುಗಿದ ವಾರ ಅಣ್ಣ ಸಂಜೆ ಬೇಗನೆ ಮನೆಗೆ ಬರುತ್ತಿದ್ದ. ಕೇಳಿದರೆ “ಶಿಷ್ಯರು ರಜೆಯಿಂದ ಬಂದಿಲ್ಲ” ಎನ್ನುತ್ತಿದ್ದ. ನಿಜಸಂಗತಿಯನ್ನು ಹೇಳಿದವರು ಅವನ ಜೊತೆಯಲ್ಲಿದ್ದ ಮೈಸೂರಿನ ಇನ್ನೊಬ್ಬ ಯೋಗದ ಮೇಷ್ಟರು. ಬೆನ್ನು ಹಿಡಿದುಕೊಂಡು ಬಾಗಲಾರದೆ ಅವನು ನಾಲ್ಕು ತರಗತಿಗಳನ್ನು ಬಿಟ್ಟಿದ್ದ. ಒಂದೊಂದಕ್ಕೆ ಅವನಿಗೆ ದೊರೆಯುತ್ತಿದ್ದುದು ೨೦೦ ಯುವಾನ್. ಅಲ್ಲಿಗೆ ನಷ್ಟ ೮೦೦. ದೇಹವೇ ಬಂಡವಾಳವಾಗಿರುವವನ ದೇಹವನ್ನು ಖರ್ಚುಮಾಡಿ ನಾನು ಮುನ್ನೂರ ಅರವತ್ತನ್ನು ಉಳಿಸಿದ್ದೆ. ಅವನು ಪ್ರತಿ ತಿಂಗಳು ಊರಿಗೆ ಕಳುಹಿಸುತ್ತಿದ್ದ ಹಣದಲ್ಲಿ ನನ್ನ ಕಾಲೇಜಿನ ಶುಲ್ಕವೂ ಸೇರಿತ್ತೆಂಬುದನ್ನು ಹೇಳಿದರೆ, ಯಾರ ಉಳಿತಾಯ ಯಾರ ಖರ್ಚಾಯಿತೆಂಬುದು ಸ್ಪಷ್ಟವಾಗುತ್ತದೆ. “ಅಪ್ಪನಿಗೆ ಹೇಳಬೇಡ” ಎಂದಷ್ಟೇ ಅವನು ಹೇಳಿದ.

ಟಿಕೇಟಿನ ಮೇಲೆ ಅಚ್ಚಾಗಿರುವುದು ದರ ಮಾತ್ರ, ವೆಚ್ಚವಲ್ಲ. ಇದು ನಾನು ಕಲಿತ ಪಾಠ.

ಕೆಲವು ಸೂಚನೆಗಳು

ಮುಂದೆ ಓದಿಗೋ ಉದ್ಯೋಗಕ್ಕೋ ಆ ಕಡೆಗೆ ಹೋಗಬಹುದಾದ ಮಿತ್ರರಿಗೆ ಕೆಲವು ಸೂಚನೆಗಳನ್ನು ಕೊಡುತ್ತೇನೆ.

ಒಂದನೆಯದಾಗಿ, ತರಗತಿಯನ್ನು ದೂರದಿಂದ ನಿರ್ಧರಿಸಬೇಡಿ, ರಾತ್ರಿಯಿಂದ ನಿರ್ಧರಿಸಿ. ಹಗಲಿನ ಐದಾರು ಗಂಟೆಗೆ ಗಡುಸು ಸೀಟು ಸಾಕು. ಜನರನ್ನು ನೋಡಲು ಅದಕ್ಕಿಂತ ಒಳ್ಳೆಯ ಸ್ಥಳವಿಲ್ಲ. ನಡುವೆ ಒಂದು ರಾತ್ರಿ ಬಂತೆಂದರೆ ಗಡುಸು ಬರ್ತಿಗಿಂತ ಕೆಳಗೆ ಇಳಿಯಬೇಡಿ.

ಎರಡನೆಯದಾಗಿ, ವಯಸ್ಸಾದವರು, ಕಾಯಿಲೆಯವರು, ಕೈಗೂಸಿನ ತಾಯಂದಿರು ಜೊತೆಯಲ್ಲಿದ್ದರೆ ಕೆಳಗಿನ ಬರ್ತಿಗೆ ಹೆಚ್ಚು ಹಣ ಕೊಡಲು ಹಿಂಜರಿಯಬೇಡಿ; ಅನುಕೂಲವಿದ್ದರೆ ಮೆದು ಬರ್ತ್ ತೆಗೆದುಕೊಳ್ಳಿ.

ಮೂರನೆಯದಾಗಿ, ಟಿಬೆಟ್ಟಿನ ರೈಲಿಗೆ ಲೆಕ್ಕ ಬೇರೆ. ೨೦೦೬ರ ಜುಲೈ ೧ರಂದು ಲಾಸಾ ನಗರದವರೆಗೆ ರೈಲು ಮೊದಲಾದಾಗ ಬೀಜಿಂಗಿನಿಂದ ಗಡುಸು ಸೀಟಿಗೆ ೩೮೯, ಗಡುಸು ಬರ್ತಿಗೆ ೮೧೩, ಮೆದು ಬರ್ತಿಗೆ ೧೨೬೨ ಯುವಾನ್ ಇತ್ತು. ಹೆಚ್ಚು ಕಡಮೆ ಒಂದಕ್ಕೆ ಎರಡು, ಒಂದಕ್ಕೆ ಮೂರು. ಅಂದಿನ ಪ್ರಯಾಣ ೪೭ ಗಂಟೆಗೂ ಮೀರಿದ್ದು. ಈಗಲೂ ೪೦ ಗಂಟೆಯ ಸುಮಾರು. ದಾರಿ ಟಂಗ್ಗುಲಾ ಕಣಿವೆಯಲ್ಲಿ ೫೦೭೨ ಮೀಟರು ಎತ್ತರಕ್ಕೆ ಏರುತ್ತದೆ. ಬೋಗಿಗಳಲ್ಲಿ ಆಮ್ಲಜನಕದ ಏರ್ಪಾಡಿದ್ದರೂ, ಎರಡು ರಾತ್ರಿ ಕುಳಿತೇ ಸೋತ ದೇಹ ಅಷ್ಟು ಎತ್ತರವನ್ನು ತಡೆದುಕೊಳ್ಳುವುದು ಕಷ್ಟ. ಅಲ್ಲಿ ಬರ್ತ್ ಸುಖವಲ್ಲ, ಅವಶ್ಯಕತೆ.

ನಾಲ್ಕನೆಯದಾಗಿ, ವಸಂತೋತ್ಸವದ ಹಿಂದುಮುಂದಿನ ನಲವತ್ತು ದಿನಗಳಲ್ಲಿ, ಮೇ ಮತ್ತು ಅಕ್ಟೋಬರ್ ತಿಂಗಳ ಮೊದಲ ವಾರಗಳಲ್ಲಿ ಆಯ್ಕೆಯೆಂಬುದು ಹೆಸರಿಗೆ ಮಾತ್ರ. ಟಿಕೇಟು ಮಾರಾಟ ತೆರೆದ ಕೂಡಲೇ ಕೊಳ್ಳದಿದ್ದರೆ ಉಳಿಯುವುದು ‘ಸೀಟಿಲ್ಲ’ದ್ದು. ನಮ್ಮ ಆರ್.ಎ.ಸಿ.ಯಂತೆ ಒಂದು ಬರ್ತನ್ನು ಇಬ್ಬರು ಹಂಚಿಕೊಳ್ಳುವ ಪದ್ಧತಿ ಅಲ್ಲಿಲ್ಲ. ೨೦೧೨ರಿಂದ ಎಲ್ಲ ರೈಲುಗಳಲ್ಲಿಯೂ ಟಿಕೇಟು ಪ್ರಯಾಣಿಕನ ಹೆಸರಿಗೇ ಕಟ್ಟುಬಿದ್ದಿದೆ. ವಿದೇಶೀಯರಿಗೆ ಪಾಸ್‌ಪೋರ್ಟಿನ ಸಂಖ್ಯೆ ಬೇಕು. ಇನ್ನೊಬ್ಬರ ಟಿಕೇಟಿನಲ್ಲಿ ಹೋಗುವ ಯೋಚನೆ ಬೇಡ.

ಮುಕ್ತಾಯ

ಇಷ್ಟು ಸೂಚನೆ ಕೊಟ್ಟ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ೨೦೨೪ರ ಕೊನೆಯ ಹೊತ್ತಿಗೆ ಚೀನದಲ್ಲಿ ೪೮,೦೦೦ ಕಿಲೋಮೀಟರು ಅತಿವೇಗದ ದಾರಿ ಹಬ್ಬಿತ್ತು. ವೇಗದ ಗಾಡಿ ಬಂದ ದಾರಿಗಳಲ್ಲಿ ಹಳೆಯ ಗಾಡಿಗಳು ಕಡಮೆಯಾಗುತ್ತ ಬಂದಿವೆ. ಗಡುಸು ಸೀಟಿನ ಗಾಡಿ ನಿಂತುಹೋಗಿ ಅತಿವೇಗದ್ದು ಮಾತ್ರ ಉಳಿದರೆ, ಆ ಅಜ್ಜಿಯಂಥವರಿಗೆ ಆಯ್ಕೆ ಎಲ್ಲಿದೆ? ಇದನ್ನು ಆ ದೇಶದವರೂ ಅರಿಯದೆ ಇಲ್ಲ. ಗಡುಸು ಸೀಟಿನ ಮೂಲದರ ೧೯೯೫ರಲ್ಲಿ ಕಿಲೋಮೀಟರಿಗೆ ೫.೮೬೧ ಫೆನ್ ಎಂದು ಗೊತ್ತಾಯಿತು. ನೂರು ಫೆನ್‌ಗೆ ಒಂದು ಯುವಾನ್. ನೈಋತ್ಯದ ಲಿಯಾಂಗ್‌ಷಾನ್ ಬೆಟ್ಟಗಳಲ್ಲಿ, ೧೯೭೦ರಲ್ಲಿ ತೆರೆದ ಚೆಂಗ್‌ಡು–ಕುನ್‌ಮಿಂಗ್ ದಾರಿಯಲ್ಲಿ, ಯೀ ಜನಾಂಗದ ರೈತರಿಗಾಗಿ ಒಂದು ನಿಧಾನದ ಗಾಡಿ ವರ್ಷಾನುಗಟ್ಟಲೆ ಎರಡು ಯುವಾನಿನಿಂದ ಇಪ್ಪತ್ತೈದೂವರೆ ಯುವಾನಿನವರೆಗಿನ ದರದಲ್ಲಿಯೇ ಓಡಿದೆ; ಹಂದಿ, ಕುರಿ, ಕೋಳಿಗಳನ್ನೂ ಅದರಲ್ಲಿ ಸಂತೆಗೆ ಒಯ್ಯುತ್ತಾರೆ. ವೇಗದ ರೈಲುಗಳನ್ನು ಹೊಗಳುವವರು ಈ ಗಾಡಿಯನ್ನೂ ಜ್ಞಾಪಕದಲ್ಲಿಡಬೇಕು. ನಮ್ಮಲ್ಲಿಯೂ ಹವಾನಿಯಂತ್ರಿತ ಹೊಸ ಗಾಡಿಗಳನ್ನು ಸ್ವಾಗತಿಸುವಾಗ ಜನರಲ್ ಬೋಗಿಯಲ್ಲಿ ನಿಂತಿರುವವರ ಯೋಚನೆ ಬೇಕಾದುದು ಇದೇ ಕಾರಣಕ್ಕೆ.

ಅಣ್ಣ ೨೦೨೦ರ ಆರಂಭದಲ್ಲಿ ಊರಿಗೆ ಮರಳಿ, ಈಗ ಮೈಸೂರಿನಲ್ಲಿಯೇ ಯೋಗ ಕಲಿಸುತ್ತಿದ್ದಾನೆ. ಬೆನ್ನು ವಾಸಿಯಾಗಿದೆ. ಯಾಂಗ್‌ಟ್ಸೆ ನದಿಯನ್ನು ತಮ್ಮನಿಗೆ ತೋರಿಸಲಾಗಲಿಲ್ಲವೆಂದು ಅವನು ಇಂದಿಗೂ ಹೇಳುವುದುಂಟು. “ನೀನು ಗೊರಕೆ ಹೊಡೆಯುತ್ತಿದ್ದೆಯಲ್ಲೋ” ಎಂದು ನಗುತ್ತಾನೆ. ನಾನೂ ನಕ್ಕು ಸುಮ್ಮನಾಗುತ್ತ ಬಂದಿದ್ದೇನೆ. ಈ ಸಂಚಿಕೆಯ ಒಂದು ಪ್ರತಿಯನ್ನು ಅವನಿಗೂ ಕಳುಹಿಸಬೇಕೆಂದಿದ್ದೇನೆ. ಬಾಯಿಂದ ಹೇಳಲಾಗದೆ ಹೋದುದನ್ನು ಅಚ್ಚಿನಲ್ಲಿಯಾದರೂ ಓದಿಕೊಳ್ಳಲಿ: ಆ ರಾತ್ರಿ ಸೇತುವೆಯ ಸದ್ದು ನನಗೂ ಕೇಳಿಸಿತ್ತು, ಅಣ್ಣ.